ಮೂವತ್ತೊಂದು ಪದರ ಸುಣ್ಣ

ಮೇಷ್ಟ್ರ ಕೆಮ್ಮು ಕೇಳಿಸಲಿಲ್ಲ. ನನಗೆ ಮೊದಲು ಹೆದರಿಕೆಯಾದದ್ದು ಅದಕ್ಕೇ.

ಬೆಳಿಗ್ಗೆ ಹತ್ತಕ್ಕೆ ಇನ್ನೂ ಐದು ನಿಮಿಷವಿತ್ತು. ಸಮುದಾಯ ಭವನದ ದೊಡ್ಡ ಬಾಗಿಲು ಅರ್ಧ ತೆರೆದಿತ್ತು. ಅದರಲ್ಲಿ ವಿಶೇಷವೇನಿಲ್ಲ, ಹಿಂದಿನ ಸಂಜೆ ಮೇಷ್ಟ್ರಿಗೆ ಬೀಗದಕೈ ಕೊಟ್ಟವಳು ನಾನೇ. ಅವರು ನಿವೃತ್ತ ಹೆಡ್‌ಮಾಸ್ಟರು. ಊರಿನ ಸಾರ್ವಜನಿಕ ಕಟ್ಟಡಗಳ ಚರಿತ್ರೆ ಬರೆಯುತ್ತೇನೆಂದು ಎರಡು ವರ್ಷದಿಂದ ಹಟ ಹಿಡಿದಿದ್ದರು. ಭವನ, ಶಾಲೆ, ಆಸ್ಪತ್ರೆ, ಅಂಚೆ ಕಚೇರಿ, ಬಸ್ ತಂಗುದಾಣ, ಒಂದನ್ನೂ ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಏಳಕ್ಕೇ ಬಂದು ಟೇಪು ಹಿಡಿದು ಅಳೆಯುವುದು, ಭೂತಗನ್ನಡಿ ಹಿಡಿದು ಗೋಡೆ ನೋಡುವುದು, ನಡುನಡುವೆ ಕೆಮ್ಮುವುದು. ಭವನಕ್ಕೆ ಈ ವರ್ಷ ಅರವತ್ತು ತುಂಬುತ್ತದೆ. ಅಷ್ಟರೊಳಗೆ ಪುಸ್ತಕ ಮುಗಿಸಬೇಕೆಂದು ಅವರ ಆಸೆ.

ನಾನು ಆ ಭವನದ ಎಡಗಡೆ ಕೋಣೆಯ ಗ್ರಂಥಾಲಯ ನೋಡಿಕೊಳ್ಳುವವಳು. ಊರಿಗೆಲ್ಲ ಪುಕ್ಕಲಿ ಎಂದೇ ಪರಿಚಿತಳು. ಹಲ್ಲಿಗೆ ಹೆದರುತ್ತೇನೆ. ಏಣಿಗೆ ಹೆದರುತ್ತೇನೆ. ಫೋನು ಹೊಡೆದುಕೊಂಡರೆ ಬೆಚ್ಚುತ್ತೇನೆ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದನ್ನು ಓದಿ ಯಾರೂ ನನ್ನನ್ನು ಧೈರ್ಯವಂತೆ ಅಂದುಕೊಳ್ಳಬಾರದು.

"ಮೇಷ್ಟ್ರೇ," ಎಂದೆ. ಖಾಲಿ ಭವನ ಅದನ್ನೇ ನನಗೆ ವಾಪಸ್ ಹೇಳಿತು.

ವೇದಿಕೆಯ ಹಿಂಪರದೆ ಸರಿದಿತ್ತು. ಅದರ ಹಿಂದೆ, ಗೋಡೆಯ ಬುಡದಲ್ಲಿ, ಮೇಷ್ಟ್ರು ಮಗ್ಗುಲಾಗಿ ಬಿದ್ದಿದ್ದರು. ಮೈಮೇಲೆ ಏಣಿ. ತಲೆಯ ಹಿಂಭಾಗದಲ್ಲಿ ರಕ್ತ. ಭೂತಗನ್ನಡಿ ಒಡೆದು ಎರಡು ಚೂರಾಗಿತ್ತು. ಅದೇ ಗೋಡೆಯ ಮೇಲೆ ಊಟದ ತಟ್ಟೆಯಷ್ಟಗಲದ ಒಂದು ತೇಪೆ, ಇನ್ನೂ ಹಸಿಹಸಿ. ಸುಣ್ಣದ ವಾಸನೆ ಮೂಗಿಗೆ ಹೊಡೆಯಿತು.

ನಾನು ಕಿರುಚಲಿಲ್ಲ. ಕಿರುಚುವುದಕ್ಕೂ ಉಸಿರು ಬೇಕು. ಮಂಡಿಯೂರಿ ಅವರ ಮೂಗಿನ ಹತ್ತಿರ ಕೈ ಹಿಡಿದೆ. ಬೆಚ್ಚಗಿನ ಗಾಳಿ ತಾಕಿತು. ಬದುಕಿದ್ದರು.

* * *

"ಏಣಿಯಿಂದ ಬಿದ್ದಿದ್ದಾರೆ, ಪಾಪ," ಎಂದರು ಕಾರ್ಯದರ್ಶಿ ಮಾಮ.

ಸುದ್ದಿ ಕೇಳಿ ಮೊದಲು ಓಡಿಬಂದವರು ಅವರೇ. ಭವನದ ಸಮಿತಿಗೆ ಮೂವತ್ತೆರಡು ವರ್ಷದಿಂದ ಕಾರ್ಯದರ್ಶಿ. ಊರಿಗೆಲ್ಲ ಮಾಮ. ನನಗಂತೂ ಸೋದರಮಾವನಿಗಿಂತ ಹೆಚ್ಚು. ನನಗೆ ಆರು ವರ್ಷವಿದ್ದಾಗ ಅಪ್ಪ ನಮ್ಮನ್ನು ಬಿಟ್ಟು ಹೋದ ಮೇಲೆ ನನ್ನ ಶಾಲೆಯ ಚೀಲದಿಂದ ಹಿಡಿದು ಈ ಕೆಲಸದವರೆಗೆ ಎಲ್ಲದಕ್ಕೂ ಓಡಾಡಿದವರು ಅವರು.

ಸಬ್ ಇನ್‌ಸ್ಪೆಕ್ಟರು ಊರಿಗೆ ಹೊಸಬರು. ಸುಣ್ಣದ ಘಾಟಿಗೆ ಸೀನುತ್ತಲೇ ಇದ್ದರು. ಮೇಷ್ಟ್ರನ್ನು ಆಸ್ಪತ್ರೆಗೆ ಕಳಿಸಿ, ಗೋಡೆಯನ್ನೂ ಏಣಿಯನ್ನೂ ಮೂರು ಸಲ ನೋಡಿದರು.

"ಮೇಷ್ಟ್ರಿಗೆ ಮಂಡಿನೋವು ಇತ್ತಾ ಮೇಡಂ?"

"ಹೌದು ಸರ್. ವೇದಿಕೆಯ ನಾಲ್ಕು ಮೆಟ್ಟಿಲು ಹತ್ತೋಕೂ ಗೋಡೆ ಹಿಡ್ಕೊಳ್ತಾರೆ."

"ಮತ್ತೆ ಏಣಿ ಯಾಕೆ? ತೇಪೆ ಇರೋದು ಕಣ್ಣಿನ ಮಟ್ಟಕ್ಕೆ. ಯಾರೋ ಹಿಂದಿನಿಂದ ಹೊಡೆದಿದ್ದಾರೆ. ಸತ್ತರು ಅಂದ್ಕೊಂಡು ಏಣಿ ತಂದು ಮೇಲೆ ಮಲಗಿಸಿದ್ದಾರೆ." ಸೀನಿದರು. "ಆಮೇಲೆ ನಿಧಾನವಾಗಿ ಗೋಡೆಗೆ ತೇಪೆ ಹಾಕಿದ್ದಾರೆ. ಪಕ್ಕದಲ್ಲೇ ಮನುಷ್ಯ ಬಿದ್ದಿರುವಾಗ."

ಹೊಡೆದದ್ದಕ್ಕಿಂತ ಆ ನಿಧಾನವೇ ನನ್ನನ್ನು ಹೆಚ್ಚು ಹೆದರಿಸಿತು.

ಮೇಷ್ಟ್ರ ಚೀಲದಲ್ಲಿ ಅವರ ದಪ್ಪ ನೋಟ್ ಪುಸ್ತಕವಿತ್ತು. ಅದರಲ್ಲಿ ಎರಡು ಹಾಳೆ ಹರಿದಿತ್ತು. ಹರಿದವರಿಗೆ ಮೇಷ್ಟ್ರ ಒಂದು ಅಭ್ಯಾಸ ಗೊತ್ತಿರಲಿಲ್ಲ. ಪುಟಗಳಿಗೆಲ್ಲ ನಂಬರು ಹಾಕಿ, ಮೊದಲ ಹಾಳೆಯಲ್ಲಿ ಪರಿವಿಡಿ ಬರೆಯದೆ ಅವರು ಯಾವ ಪುಸ್ತಕವನ್ನೂ ಮುಂದುವರಿಸುತ್ತಿರಲಿಲ್ಲ. ಶಾಲೆಯಲ್ಲಿ ನಮ್ಮ ಕೈಯಲ್ಲೂ ಹಾಗೇ ಬರೆಸಿ ಬರೆಸಿ ಪ್ರಾಣ ತಿಂದಿದ್ದರು. ನಾನು ಮೊದಲ ಹಾಳೆ ತಿರುಗಿಸಿ ತೋರಿಸಿದೆ. ಪುಟ ನಲವತ್ತೊಂದು: ಭವನದ ಹಿಂಗೋಡೆ. ಪುಟ ಐವತ್ತೇಳು: ಬಸ್ ತಂಗುದಾಣ.

"ಗೋಡೆ ಸರಿ," ಎಂದರು ಇನ್‌ಸ್ಪೆಕ್ಟರು. "ಬಸ್ ತಂಗುದಾಣದ ಚರಿತ್ರೆ ಯಾರಿಗೆ ಬೇಕು?"

"ಕಂಟ್ರಾಕ್ಟರಿಗೆ," ಎಂದರು ಮಾಮ ಮೆಲ್ಲಗೆ.

ಅದು ನಿಜವೇ. ಭವನ ಮತ್ತು ತಂಗುದಾಣ ಎರಡನ್ನೂ ಕೆಡವಿ ಅಂಗಡಿ ಸಾಲು ಕಟ್ಟಬೇಕೆಂದು ಕಂಟ್ರಾಕ್ಟರು ವರ್ಷದಿಂದ ಓಡಾಡುತ್ತಿದ್ದ. ಮೇಷ್ಟ್ರ ಪುಸ್ತಕ ಬಂದರೆ ಹಳೆಯ ಕಟ್ಟಡ ಉಳಿಸಿ ಎನ್ನುವವರಿಗೆ ಬಲ ಬರುತ್ತಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ಹಾಗೆ ಹೇಳಿದವರು ಮಾಮ. "ನಾನು ಬದುಕಿರೋವರೆಗೂ ಈ ಭವನದ ಒಂದು ಇಟ್ಟಿಗೆ ಅಲುಗಾಡೋಕೆ ಬಿಡಲ್ಲ" ಎಂದು ಅವರು ಸಭೆಯಲ್ಲಿ ಹೇಳಿದಾಗ ನಾನೂ ಚಪ್ಪಾಳೆ ತಟ್ಟಿದ್ದೆ.

ಆದರೆ ಕಂಟ್ರಾಕ್ಟರು ಹಿಂದಿನ ಸಂಜೆಯಿಂದ ಪಕ್ಕದೂರಿನ ಆಸ್ಪತ್ರೆಯಲ್ಲಿದ್ದ. ಹೆಂಡತಿಗೆ ಹೆರಿಗೆ. ಅವನು ವರಾಂಡದಲ್ಲಿ ಅತ್ತಿದ್ದನ್ನು ಇಡೀ ವಾರ್ಡು ನೋಡಿತ್ತು.

ಮಧ್ಯಾಹ್ನದ ಹೊತ್ತಿಗೆ ಇನ್‌ಸ್ಪೆಕ್ಟರು ಸುಣ್ಣದಜ್ಜನನ್ನು ಠಾಣೆಗೆ ಕರೆದೊಯ್ದರು. ಅರವತ್ತು ವರ್ಷದಿಂದ ಭವನಕ್ಕೆ ಸುಣ್ಣ ಬಳಿಯುವ ಮುದುಕ. ಕೈಯಲ್ಲಿ ಸುಣ್ಣ, ಉಗುರಲ್ಲಿ ಸುಣ್ಣ, ರೆಪ್ಪೆಯಲ್ಲೂ ಸುಣ್ಣ. ಮೂರು ದಿನದ ಹಿಂದೆ ಮೇಷ್ಟ್ರಿಗೆ, "ಇನ್ನೊಂದು ಸಲ ನನ್ನ ಗೋಡೆ ಕೆರೆದ್ರೆ ನಿಮ್ಮ ತಲೆ ಕೆರೀತೀನಿ" ಎಂದು ಕೂಗಿದ್ದ. ಅದನ್ನು ಹತ್ತು ಜನ ಕೇಳಿದ್ದರು.

* * *

ಮೇಷ್ಟ್ರಿಗೆ ಹಿಂದುಮುಂದು ಯಾರೂ ಇಲ್ಲ. ಅಲುಗಾಡಿಸುವಂತಿಲ್ಲ, ಎಚ್ಚರವಾಗಲು ಎರಡು ಮೂರು ದಿನ ಬೇಕಾಗಬಹುದು ಎಂದರು ಡಾಕ್ಟರು. ಪಕ್ಕದಲ್ಲಿ ಕೂರಲು ಸರದಿ ಪಟ್ಟಿ ಮಾಡಿದ್ದೂ ಮಾಮನೇ. ಮರುದಿನ ಬೆಳಿಗ್ಗೆಯಿಂದ ಎರಡು ಗಂಟೆವರೆಗೆ ಅಮ್ಮ. ಎರಡರಿಂದ ಸಂಜೆವರೆಗೆ ಮಾಮ.

"ಸುಣ್ಣದಜ್ಜ ಹೊಡೆಯೋ ಆಸಾಮಿ ಅಲ್ಲ," ಎಂದಳು ಅಮ್ಮ, ಹೊರಡಲು ಫ್ಲಾಸ್ಕು ತೊಳೆಯುತ್ತಾ.

"ನಿನಗೆ ಎಲ್ಲರೂ ಒಳ್ಳೆಯವರೇ."

"ಎಲ್ಲರೂ ಅಂದ್ನಾ? ಅವನು ಅಂದೆ."

ನಾನು ಬಾಗಿಲಿಗೆ ಒತ್ತಾಗಿಟ್ಟಿದ್ದ ಹಿತ್ತಾಳೆ ಬೀಗವನ್ನು ಕಾಲಿನಿಂದ ಸರಿಸಿದೆ. ಅದು ಗ್ರಂಥಾಲಯದ ಹಳೆಯ ಬೀಗ. ನನಗಿಂತ ಮೊದಲು ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು ನನ್ನಪ್ಪ. ನನ್ನ ಆರನೇ ಹುಟ್ಟುಹಬ್ಬದ ಮರುದಿನ ಅವರು ಬೀಗದಕೈ ಸಮೇತ ಊರು ಬಿಟ್ಟರು. ಸಮಿತಿಯವರು ಚಿಲಕ ಕೊಯ್ದು ಕೋಣೆ ತೆರೆದರು. ಹಾಕಿದಂತೆಯೇ ಉಳಿದ ಬೀಗವನ್ನು ಅಮ್ಮ ಕೇಳಿ ತಂದುಕೊಂಡಳು.

"ತುಳೀಬೇಡ," ಎಂದಳು ಅಮ್ಮ. ಆಮೇಲೆ ಮೂವತ್ತೊಂದು ವರ್ಷದಿಂದ ಹೇಳುವ ಮಾತನ್ನೇ ಹೇಳಿದಳು. "ಅವರು ಊರು ಬಿಡೋದಾದ್ರೆ ಬೀಗದಕೈ ನನ್ನ ಕೈಗೆ ಕೊಟ್ಟೇ ಹೋಗೋರು."

ನನಗೆ ಸಿಟ್ಟು ಬಂತು. ಯಾವಾಗಲೂ ಬರುತ್ತದೆ. ಅಪ್ಪ ಹೋದದ್ದನ್ನು ಕಣ್ಣಾರೆ ಕಂಡವರು ಮಾಮ. ಚಿಕ್ಕಂದಿನಲ್ಲಿ ನಾನೇ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದೆ. "ಬೆಳಗಿನ ಜಾವ. ಮಳೆ ಸುರೀತಿತ್ತು ಪುಟ್ಟಿ. ನಾನು ತಂಗುದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ನಿಮ್ಮಪ್ಪ ಪೆಟ್ಟಿಗೆ ಹಿಡ್ಕೊಂಡು ಬಂದ. ನನ್ನ ಪಕ್ಕದಲ್ಲೇ ಕೂತ. ಬಸ್ ಬಂತು, ಹತ್ತಿದ. ತಿರುಗಿ ನೋಡಲಿಲ್ಲ." ಆ ಕೊನೆಯ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತ್ತು.

* * *

ಅದೇ ಬೆಳಿಗ್ಗೆ ಭವನದೊಳಗೆ ಕಾಲಿಡಲು ನನಗೆ ಕಾಲು ಗಂಟೆ ಹಿಡಿಯಿತು. ಮಾಮ ಬಾಗಿಲಲ್ಲೇ ಸಿಕ್ಕಿ, "ಹಿಂಪರದೆ ಎಳೆದೇ ಇರಲಿ ಪುಟ್ಟಿ, ಜನ ನೋಡಿ ಹೆದರ್ತಾರೆ" ಎಂದು ಹೇಳಿ ಹೋದರು. ಸರಿ ಎಂದೆ. ಆದರೆ ಪರದೆಯ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸತೊಡಗಿತು. ಕೂತರೂ ಅನ್ನಿಸಿತು, ಎದ್ದರೂ ಅನ್ನಿಸಿತು. ಕೊನೆಗೆ ಹೆದರಿಕೆ ತಾಳಲಾರದೆ ಹೋಗಿ ಪರದೆ ಸರಿಸಿದೆ.

ಯಾರೂ ಇರಲಿಲ್ಲ. ತೇಪೆ ಮಾತ್ರ ಇತ್ತು.

ನಿನ್ನೆ ಅದು ಹಸಿಯಾಗಿ ಗೋಡೆಯೊಳಗೇ ಸೇರಿಹೋದಂತಿತ್ತು. ಇಂದು ಒಣಗಿ ಹಾಲಿನಂತೆ ಬೆಳ್ಳಗಿತ್ತು. ಆ ಬಿಳುಪಿನ ಪಕ್ಕದಲ್ಲಿ ಮಿಕ್ಕ ಗೋಡೆ ಬೆಳ್ಳಗಿರಲಿಲ್ಲ. ತೀರಾ ತೆಳುವಾಗಿ ನೀಲಿ.

ನಾನು ಗ್ರಂಥಾಲಯಕ್ಕೆ ಬೀಗ ಹಾಕಿ ಠಾಣೆಗೆ ಹೋದೆ. ಠಾಣೆಗೂ ನಾನು ಹೆದರುತ್ತೇನೆ. ಇನ್‌ಸ್ಪೆಕ್ಟರು ಇರಲಿಲ್ಲ, ಕಂಟ್ರಾಕ್ಟರ ಮಾತು ಖಚಿತ ಮಾಡಿಕೊಳ್ಳಲು ಪಕ್ಕದೂರಿಗೆ ಹೋಗಿದ್ದರು. ಸುಣ್ಣದಜ್ಜ ಬೆಂಚಿನ ಮೇಲೆ ಕೂತು ಕಾನ್ಸ್‌ಟೇಬಲ್ಲಿಗೆ ಠಾಣೆಯ ಗೋಡೆ ಎಷ್ಟು ಕೆಟ್ಟದಾಗಿ ಬಳಿದಿದ್ದಾರೆಂದು ವಿವರಿಸುತ್ತಿದ್ದ.

"ಅಜ್ಜಾ, ಭವನದ ಗೋಡೆ ನೀಲಿ ಯಾಕಿದೆ?"

ಅಜ್ಜ ಕಾನ್ಸ್‌ಟೇಬಲ್ಲನ್ನು ಬಿಟ್ಟು ನನ್ನ ಕಡೆ ತಿರುಗಿದ. "ನಿನ್ನ ಕಣ್ಣಿಗೆ ಬಿತ್ತಾ? ಯಾರ ಕಣ್ಣಿಗೂ ಬೀಳಲ್ಲ. ಬಿಳಿ ಮೇಲೆ ಬಿಳಿ ಬಳಿದ್ರೆ ಎಲ್ಲಿ ಬಳಿದೆ, ಎಲ್ಲಿ ಬಿಟ್ಟೆ ಅಂತ ಹೇಗಮ್ಮ ಗೊತ್ತಾಗೋದು? ಅದಕ್ಕೇ ಒಂದು ವರ್ಷ ಬಟ್ಟೆಗೆ ಹಾಕೋ ನೀಲಿ ಒಂದು ಚಿಟಿಕೆ, ಒಂದು ವರ್ಷ ಬರೀ ಸುಣ್ಣ. ನಮ್ಮಪ್ಪ ಹೇಳಿಕೊಟ್ಟಿದ್ದು. ಈ ವರ್ಷ ನೀಲಿ."

"ಮಿಕ್ಕ ಸುಣ್ಣ ಭವನದ ಉಗ್ರಾಣದಲ್ಲಿದೆಯಲ್ಲ, ಡ್ರಮ್ಮಿನಲ್ಲಿ?"

"ಅದು ಬರೀ ಸುಣ್ಣ. ನೀಲಿ ನನ್ನ ಜೇಬಲ್ಲಿ." ಪೊಟ್ಟಣ ತೆಗೆದು ತೋರಿಸಿದ. "ಬಳಿಯುವಾಗ ಹಾಕೋದು. ಇವರು ಹೇಳ್ತಾರೆ ನಾನು ತೇಪೆ ಹಾಕಿದೆ ಅಂತ. ಆ ತೇಪೆ ಈಗ ಹೇಗಿದೆ?"

"ಬೆಳ್ಳಗೆ."

"ನೋಡು. ನನ್ನ ಕೈ ಅಲ್ಲ. ಹಸಿ ಸುಣ್ಣಕ್ಕೆ ಬಣ್ಣವೇ ಇರಲ್ಲ. ಒಣಗಿದ ಮೇಲೇ ಅದು ಬಾಯಿ ಬಿಡೋದು."

ಮೇಷ್ಟ್ರು ಯಾಕೆ ಗೋಡೆ ಕೆರೆಯುತ್ತಿದ್ದರು ಎಂದು ಕೇಳಿದೆ. ಎಣಿಸಲು, ಎಂದ ಅಜ್ಜ. ಒಂದು ನೀಲಿ, ಒಂದು ಬಿಳಿ, ವರ್ಷಕ್ಕೊಂದು ಪದರ. ಎಣಿಸಿದರೆ ಗೋಡೆಯ ವಯಸ್ಸು ತಿಳಿಯುತ್ತದೆ. "ನನ್ನಿಂದಲೇ ಗುಟ್ಟು ತಿಳ್ಕೊಂಡು ನನ್ನ ಗೋಡೇನೇ ಕೆರೆದರು. ಸಿಟ್ಟು ಬರಲ್ವಾ? ಮೂರು ಗೋಡೆ ಲೆಕ್ಕ ಸರಿಯಾಗಿದೆ, ಹಿಂಗೋಡೆದು ತಾಳೆ ಆಗ್ತಿಲ್ಲ ಅಂತಿದ್ರು. ಹೇಗೆ ತಾಳೆ ಆಗುತ್ತೆ? ಒಂದು ವರ್ಷ ಆ ಗೋಡೆ ನಾನು ಬಳಿದೇ ಇಲ್ಲ."

"ಯಾಕೆ?"

"ಚಾವಣಿ ರಿಪೇರಿ ಅಂತ ಹದಿನೈದು ದಿನ ಭವನ ಮುಚ್ಚಿದ್ರು. ನಾನು ಹೋಗೋಷ್ಟರಲ್ಲಿ ಹಿಂಗೋಡೆ ಯಾರೋ ಬಳಿದುಬಿಟ್ಟಿದ್ರು. ನಾನು ಬೈಕೊಂಡು ಮಿಕ್ಕ ಮೂರು ಬಳಿದು ಬಂದೆ."

"ಅದು ಯಾವ ವರ್ಷ ಅಜ್ಜಾ?"

ಅಜ್ಜ ನನ್ನ ಮುಖ ನೋಡಲಿಲ್ಲ. ಜೇಬಿನ ಪೊಟ್ಟಣ ಮಡಿಸುತ್ತಾ ಹೇಳಿದ. "ನಿಮ್ಮಪ್ಪ ಊರು ಬಿಟ್ಟ ವರ್ಷ ಕಣಮ್ಮ."

* * *

ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮುಸುಕು ಹೊದ್ದು ಮಲಗಬೇಕು ಅನ್ನಿಸಿತು. ಆದರೆ ಪರಿವಿಡಿಯಲ್ಲಿ ಎರಡು ಸಾಲಿತ್ತು. ಒಂದು ಗೋಡೆ. ಇನ್ನೊಂದು ತಂಗುದಾಣ. ಕಾಲು ತಾನಾಗಿಯೇ ಅತ್ತ ತಿರುಗಿತು.

ತಂಗುದಾಣದಲ್ಲಿ ನಾಲ್ಕು ಕಂಬ, ಒಂದು ಚಾವಣಿ, ಒಂದು ಕಲ್ಲುಬೆಂಚು. ಹಿಂದಿನ ಗೋಡೆಯ ತುಂಬ ಒಂದರ ಮೇಲೊಂದು ಅಂಟಿಸಿದ ಪೋಸ್ಟರುಗಳು. ಮೇಷ್ಟ್ರು ಯಾವ ಕಟ್ಟಡಕ್ಕೆ ಹೋದರೂ ಮೊದಲು ಅಡಿಗಲ್ಲು ಹುಡುಕುತ್ತಿದ್ದರು. ನಾನೂ ಹುಡುಕಿದೆ. ಕೆಳಗೆ ಒಂದು ಮೂಲೆಯಲ್ಲಿ ಪೋಸ್ಟರು ಆಗಲೇ ಚೌಕಾಕಾರವಾಗಿ ಕಿತ್ತಿತ್ತು. ಅಂಚು ನೀಟಾಗಿ ಬ್ಲೇಡಿನಿಂದ ಕತ್ತರಿಸಿದ್ದು. ಮೇಷ್ಟ್ರಲ್ಲದೆ ಬೇರೆ ಯಾರೂ ಪೋಸ್ಟರನ್ನು ಅಷ್ಟು ಮರ್ಯಾದೆಯಿಂದ ಕೀಳುವುದಿಲ್ಲ.

ಅಲ್ಲಿ ಕಲ್ಲಿತ್ತು. ತಾರೀಖಿತ್ತು. ಬೆರಳಿನಿಂದ ಧೂಳು ಒರೆಸಿ ಓದಿದೆ. ಮತ್ತೆ ಓದಿದೆ.

ನನ್ನ ಹುಟ್ಟಿದ ದಿನ ನನಗೆ ಗೊತ್ತು. ಆರು ತುಂಬಿದ ದಿನವೂ ಗೊತ್ತು, ಅದರ ಮರುದಿನವೂ ಗೊತ್ತು. ಈ ಕಲ್ಲು ನೆಟ್ಟದ್ದು ಅದಾದ ಹತ್ತು ತಿಂಗಳಿಗೆ.

ಅಪ್ಪ ಊರು ಬಿಟ್ಟ ದಿನ ಇಲ್ಲಿ ಚಾವಣಿ ಇರಲಿಲ್ಲ. ಕಂಬ ಇರಲಿಲ್ಲ. ಕಲ್ಲುಬೆಂಚು ಇರಲಿಲ್ಲ. ಮಳೆಯಲ್ಲಿ ಬಯಲಿನ ಮೇಲೆ ಮಾಮ ಯಾವ ಬೆಂಚಿನ ಮೇಲೆ ಕೂತಿದ್ದರು?

ಹಿಂಗೋಡೆಗೆ ಗುಟ್ಟಾಗಿ ಸುಣ್ಣ ಬಳಿದ ವರ್ಷ. ಚಾವಣಿ ರಿಪೇರಿಯ ಹೊತ್ತಿಗೆ ಭವನದ ಬೀಗದಕೈ ಇದ್ದದ್ದು ಆಗಷ್ಟೇ ಕಾರ್ಯದರ್ಶಿಯಾಗಿದ್ದ ಮಾಮನ ಹತ್ತಿರ. ಅದಕ್ಕೂ ಮೊದಲು ಅವರು ಗಾರೆ ಕೆಲಸ ಮಾಡುತ್ತಿದ್ದವರು. ನಾನು ಅದೇ ಬೆಂಚಿನ ಮೇಲೆ ಕೂತೆ.

ಆಗ ಎದುರಿನ ಅಂಗಡಿಯ ಗಡಿಯಾರ ಕಣ್ಣಿಗೆ ಬಿತ್ತು. ಎರಡು ಗಂಟೆ ಐದು ನಿಮಿಷ.

ಎರಡರಿಂದ ಸಂಜೆವರೆಗೆ ಮಾಮ.

* * *

ಓಡುತ್ತಲೇ ಇನ್‌ಸ್ಪೆಕ್ಟರಿಗೆ ಫೋನು ಮಾಡಿದೆ. ಉಸಿರು ಸಿಕ್ಕಷ್ಟು ಹೇಳಿದೆ.

"ನಾನು ಬರೋಕೆ ಮುಕ್ಕಾಲು ಗಂಟೆ ಬೇಕು. ಕಾನ್ಸ್‌ಟೇಬಲ್‌ನ ಕಳಿಸ್ತೀನಿ, ಬಾಗಿಲ ಹೊರಗೆ ಇರ್ತಾನೆ. ಅಲ್ಲಿಯವರೆಗೆ ನೀವು ಒಳಗೆ ಹೋಗಿ ಕೂತಿರಿ. ಏನೂ ಗೊತ್ತಿಲ್ಲದ ಹಾಗೆ. ಆಗುತ್ತಾ ಮೇಡಂ?"

ಆಗುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಆಸ್ಪತ್ರೆ ಬಂದುಬಿಟ್ಟಿತು.

ಅಮ್ಮ ಹೊರಟು ಹೋಗಿದ್ದಳು. ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ಬಡಿದೆ. ಎರಡೂ ಕೈಯಿಂದ ಬಡಿದೆ. ಬಹಳ ಹೊತ್ತಾಯಿತು ಅನ್ನಿಸಿದ ಮೇಲೆ ಬಾಗಿಲು ತೆರೆಯಿತು.

"ಏನು ಪುಟ್ಟಿ, ಹೀಗೆ ಬಡೀತೀಯಲ್ಲ? ನೊಣ ಬರುತ್ತೆ ಅಂತ ಹಾಕಿದ್ದೆ," ಎಂದರು ಮಾಮ. ಹೋಗಿ ಕುರ್ಚಿಯಲ್ಲಿ ಕೂತರು.

ಮೇಷ್ಟ್ರ ಎದೆ ಏರಿಳಿಯುತ್ತಿತ್ತು. ಆದರೆ ತಲೆಯ ಕೆಳಗೆ ದಿಂಬು ಇರಲಿಲ್ಲ. ದಿಂಬು ಮಾಮನ ಕುರ್ಚಿಯ ಮೇಲಿತ್ತು. ಕೂರುವಾಗ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡರು.

"ನಾನೂ ಕೂರ್ತೀನಿ ಮಾಮ."

"ಗ್ರಂಥಾಲಯ?"

"ಒಬ್ಬಳೇ ಕೂರೋಕೆ ಹೆದರಿಕೆ ಆಗುತ್ತೆ." ಅದು ಸು‌ಳ್ಳಾಗಿರಲಿಲ್ಲ. ಮಂಚದ ಈ ಪಕ್ಕದಲ್ಲಿ ಸ್ಟೂಲು ಎಳೆದು ಕೂತು ಮೇಷ್ಟ್ರ ಕೈ ಹಿಡಿದುಕೊಂಡೆ.

ಮಾಮ ನಕ್ಕರು. "ನೀನು ಹುಟ್ಟಾ ಪುಕ್ಕಲಿ."

ಹತ್ತು ನಿಮಿಷ. ಹದಿನೈದು. ಗೋಡೆಯ ಫ್ಯಾನು ಕಟಕಟ ಎನ್ನುತ್ತಿತ್ತು. ಮಾಮ ದಿಂಬಿನ ಅಂಚನ್ನು ಬೆರಳಲ್ಲಿ ತೀಡುತ್ತಿದ್ದರು. ನನಗೆ ಮೊದಲ ಸೈಕಲ್ಲು ಹತ್ತಿಸಿದ ಕೈಗಳು ಅವು. ಅವನ್ನು ನೋಡದೆ ಇರಲು ಆಗಲಿಲ್ಲ, ನೋಡುತ್ತ ಇರಲೂ ಆಗಲಿಲ್ಲ.

"ಸುಣ್ಣದಜ್ಜ ಏನಾದ್ರೂ ಹೇಳಿದ್ನಾ?" ಎಂದರು.

"ಮೇಷ್ಟ್ರು ಸುಣ್ಣ ಕೆರೆದು ಗೋಡೆಯ ವಯಸ್ಸು ಹುಡುಕ್ತಿದ್ರಂತೆ. ಅಷ್ಟೇ." ನನ್ನ ದನಿ ನನಗೇ ದೂರದಿಂದ ಕೇಳಿಸಿತು.

"ಹುಚ್ಚು. ಸುಣ್ಣ ಉದುರುತ್ತೆ, ಪದರ ಏಳುತ್ತೆ. ಮೂವತ್ತೊಂದೇ ಇದ್ರೆ ಏನಾಯ್ತು? ಅದರಿಂದ ಗೋಡೆ ಹೊಸದು ಅಂತ ಹೇಳೋಕಾಗುತ್ತಾ?"

ನಾನು ಮೇಷ್ಟ್ರ ಬೆರಳುಗಳನ್ನೇ ನೋಡುತ್ತಿದ್ದೆ. ಮೂವತ್ತೊಂದು. ಆ ಅಂಕಿ ನನಗೆ ಗೊತ್ತಿರಲಿಲ್ಲ. ಅಜ್ಜನಿಗೂ ಗೊತ್ತಿರಲಿಲ್ಲ. ಅದು ಇದ್ದದ್ದು ಹರಿದುಹೋದ ಪುಟದಲ್ಲಿ ಮಾತ್ರ.

ತಲೆ ಎತ್ತಬಾರದಿತ್ತು. ಎತ್ತಿಬಿಟ್ಟೆ. ಮಾಮನ ಬೆರಳು ದಿಂಬಿನ ಮೇಲೆ ನಿಂತಿತ್ತು. ಅವರು ನನ್ನನ್ನೇ ನೋಡುತ್ತಿದ್ದರು. ತಾವು ಏನು ಹೇಳಿಬಿಟ್ಟೆವೆಂದು ಅವರಿಗೂ ಆಗಲೇ ತಿಳಿದಿತ್ತು.

"ಪುಟ್ಟಿ," ಎಂದರು. "ಹೋಗಿ ಒಂದು ಲೋಟ ನೀರು ತಂದುಕೊಡ್ತೀಯಾ?"

ಓಡಿಹೋಗಲು ಅಷ್ಟು ಒಳ್ಳೆಯ ನೆವ ಇನ್ನೊಂದು ಸಿಗುತ್ತಿರಲಿಲ್ಲ. ಕಾಲುಗಳು ಎದ್ದೇಬಿಟ್ಟಿದ್ದವು. ಮೇಷ್ಟ್ರ ಕೈ ಮಾತ್ರ ನನ್ನ ಕೈಯಲ್ಲೇ ಇತ್ತು. ಅದನ್ನು ಬಿಟ್ಟರೆ ಅದು ತಣ್ಣಗಾಗುತ್ತದೆ ಎಂದು ನನಗೆ ಖಚಿತವಾಗಿತ್ತು.

"ಇಲ್ಲ ಮಾಮ," ಎಂದೆ. ಮತ್ತೆ ಕೂತೆ.

ಇನ್‌ಸ್ಪೆಕ್ಟರು ಬರುವವರೆಗೆ ನಾನು ಆ ಕೈ ಬಿಡಲಿಲ್ಲ. ಬಾಗಿಲ ಹೊರಗೆ ಬೂಟುಗಳ ಸದ್ದು ಕೇಳಿದಾಗ ಮಾಮ ಎದ್ದು, ಮೇಷ್ಟ್ರ ತಲೆಯನ್ನು ಮೆಲ್ಲಗೆ ಎತ್ತಿ, ದಿಂಬನ್ನು ಅದರ ಜಾಗದಲ್ಲಿಟ್ಟರು.

* * *

ಸಂಜೆ ನಾಲ್ಕಕ್ಕೆ ಭವನದಲ್ಲಿ ಎಲ್ಲರೂ ಇದ್ದೆವು. ಮಾಮ ಇಬ್ಬರು ಕಾನ್ಸ್‌ಟೇಬಲ್‌ಗಳ ನಡುವೆ. ಇಂಥ ಕೆಲಸಕ್ಕೆ ಆಳು, ಸುತ್ತಿಗೆ ಬೇಕೆಂದು ಕಂಟ್ರಾಕ್ಟರನ್ನೂ ಕರೆಸಿದ್ದರು.

"ಹೇಳಿ ಮೇಡಂ," ಎಂದರು ಇನ್‌ಸ್ಪೆಕ್ಟರು.

ಹೇಳಿದೆ. "ಎರಡು ಪುಟ ಹರಿದಿದ್ದಾರೆ. ಕಂಟ್ರಾಕ್ಟರಿಗೆ ಭವನದ ಪುಟಗಳೆಲ್ಲ ಬೇಡವಾಗಿತ್ತು, ಬರೀ ಹಿಂಗೋಡೆದಲ್ಲ. ಸುಣ್ಣದಜ್ಜನಿಗೆ ಓದೋಕೆ ಬರಲ್ಲ, ಯಾವ ಪುಟ ಅಂತ ತಿಳಿಯಲ್ಲ. ತೇಪೆಗೆ ನೀಲಿ ಹಾಕದೆ ಅಜ್ಜ ಬಳಿಯಲ್ಲ. ಹಿಂಗೋಡೆ ಮತ್ತು ತಂಗುದಾಣ, ಈ ಎರಡಕ್ಕೂ ಸೇರಿ ಹೆದರಬೇಕಾದವರು ಊರಲ್ಲಿ ಒಬ್ಬರೇ. ಅಪ್ಪ ಬಸ್ ಹತ್ತಿದ್ದನ್ನು ಕಂಡೆ ಅಂದವರು. ಆಗ ತಂಗುದಾಣವೇ ಇರಲಿಲ್ಲ. ವರ್ಷ ಕಳೆದ ಹಾಗೆ ಅದು ಯಾವಾಗಲೂ ಅಲ್ಲೇ ಇತ್ತು ಅಂತ ಎಲ್ಲರಿಗೂ ಅನ್ನಿಸಿದೆ. ಹೇಳ್ತಾ ಹೇಳ್ತಾ ಮಾಮನಿಗೂ ಅನ್ನಿಸಿದೆ. ನನಗೆ ಚೆನ್ನಾಗಿ ನಂಬಿಕೆ ಬರಲಿ ಅಂತ ಬೆಂಚು ಸೇರಿಸಿದ್ರು."

"ಗೋಡೆ?"

"ಎಣಿಸಬೇಕು ಸರ್."

ಸುಣ್ಣದಜ್ಜ ಮುಂದೆ ಬಂದ. "ನನ್ನ ಗೋಡೆ. ಕೆರೆಯೋದಿದ್ರೆ ನಾನೇ ಕೆರೀತೀನಿ."

ಉಳಿಯನ್ನು ಓರೆ ಹಿಡಿದು, ತೇಪೆಯ ಪಕ್ಕದಲ್ಲಿ ಅಂಗೈಯಗಲ ಕೆರೆದ. ಇನ್‌ಸ್ಪೆಕ್ಟರ ಟಾರ್ಚು ಹತ್ತಿರ ಬಂತು. ಅಜ್ಜ ಉಗುರಿನ ತುದಿಯಿಂದ ತೋರಿಸುತ್ತಾ ಹೇಳತೊಡಗಿದ. ನೀಲಿ. ಬಿಳಿ. ನೀಲಿ. ಬಿಳಿ. ನಾನು ಮನಸ್ಸಿನಲ್ಲೇ ಎಣಿಸಿದೆ. ಹತ್ತಕ್ಕೆ ನಾನು ಕಾಲೇಜು ಮುಗಿಸಿ ಇಲ್ಲಿ ಕೆಲಸಕ್ಕೆ ಬಂದು ಎಷ್ಟೋ ಕಾಲವಾಗಿತ್ತು. ಇಪ್ಪತ್ತೈದಕ್ಕೆ ಶಾಲೆಯಲ್ಲಿದ್ದೆ. ಇಪ್ಪತ್ತೆಂಟಕ್ಕೆ ಅಮ್ಮ ನನಗೆ ಜಡೆ ಹಾಕುತ್ತಿದ್ದಳು. ಮೂವತ್ತು, ಬಿಳಿ.

ಅಜ್ಜ ನಿಂತ. ಕಣ್ಣು ಕಿರಿದು ಮಾಡಿ ನೋಡಿದ.

"ಮೂವತ್ತೊಂದು. ಇದು ನೀಲಿ ಇರಬೇಕಿತ್ತು. ಮತ್ತೆ ಬಿಳಿಯೇ ಇದೆ, ನಡುವೆ ಒಂದು ವರ್ಷದ ಧೂಳಿನ ಗೆರೆ. ಇದು ನಾನು ಬಳಿಯದ ವರ್ಷ." ಮಾಮನ ಕಡೆ ತಿರುಗಿದ. "ಆವತ್ತೂ ನೀಲಿ ಹಾಕಲಿಲ್ಲ. ನಿನ್ನೆಯೂ ಹಾಕಲಿಲ್ಲ. ಒಂದೇ ತಪ್ಪು, ಎರಡು ಸಲ. ನನ್ನನ್ನ ಒಂದು ಮಾತು ಕೇಳಬಹುದಿತ್ತು."

ಅದರಾಚೆ ಸುಣ್ಣವಿರಲಿಲ್ಲ. ಗಾರೆ, ಆಮೇಲೆ ಇಟ್ಟಿಗೆ. ಪಕ್ಕದ ಗೋಡೆಯಲ್ಲಿ ಅಜ್ಜ ಕೆರೆದಾಗ ಐವತ್ತೆಂಟೋ ಅರವತ್ತೋ ಪದರ.

ಕಂಟ್ರಾಕ್ಟರು ತಾನೇ ಸುತ್ತಿಗೆ ಹಿಡಿದ. ವರ್ಷದಿಂದ ಈ ಗೋಡೆ ಕೆಡವಬೇಕೆಂದು ಕುಣಿದವನು, ಈಗ ಒಂದೊಂದು ಇಟ್ಟಿಗೆಯನ್ನೂ ಮಲಗಿದ ಮಗುವನ್ನು ಎತ್ತುವಂತೆ ತೆಗೆದ. ಅದರ ಹಿಂದೆ ಎರಡು ಅಡಿ ಜಾಗ. ಅದರಾಚೆ ಭವನದ ನಿಜವಾದ ಗೋಡೆ.

ನಾನು ನೋಡಲಿಲ್ಲ. ನೋಡಿದವರ ಮುಖ ನೋಡಿದೆ. ಅಷ್ಟೇ ಸಾಕಾಯಿತು.

"ಗ್ರಂಥಾಲಯದ ಕೋಣೆ ಖಾಲಿ ಮಾಡಿಕೊಡು ಅಂದೆ," ಎಂದರು ಮಾಮ. ಯಾರೂ ಕೇಳಿರಲಿಲ್ಲ. "ನಾಟಕದವರಿಗೆ ಕೋಣೆ ಬೇಕಿತ್ತು. ಹೊಸದಾಗಿ ಕಾರ್ಯದರ್ಶಿ ಆಗಿದ್ದೆ, ಮಾತು ನಡೀಬೇಕು ಅಂತ ಜಂಬ. ಬೀಗದಕೈ ಕೊಡಲ್ಲ ಅಂದ. ಇಲ್ಲೇ, ವೇದಿಕೆ ಮೇಲೆ. ತಳ್ಳಿದೆ. ಒಂದೇ ಸಲ. ಕೆಳಗೆ ರಿಪೇರಿಗೆ ತಂದ ಕಲ್ಲು ಇದ್ವು." ನನ್ನ ಕಡೆ ನೋಡಿದರು. "ಹೆದರಿಬಿಟ್ಟೆ ಪುಟ್ಟಿ. ಅವತ್ತಿನಿಂದ ಹೆದರ್ಕೊಂಡೇ ಇದ್ದೀನಿ. ನಿನ್ನೆ ಮೇಷ್ಟ್ರು ನಗ್ತಾ ನಗ್ತಾ ಕೇಳಿದ್ರು, ನೀವು ಯಾವ ತಂಗುದಾಣದಲ್ಲಿ ಕೂತಿದ್ರಿ ಅಂತ. ಅವರು ಕೆರೆದದ್ದಕ್ಕೆ ತೇಪೆ ಹಾಕೋಣ ಅಂತ ಬಂದಿದ್ದೆ, ಗಾರೆ ಕರಣೆ ನನ್ನ ಕೈಯಲ್ಲೇ ಇತ್ತು."

ಮಾಮ ಭವನದ ಇಟ್ಟಿಗೆ ಅಲುಗಾಡಲು ಬಿಡದಿದ್ದದ್ದು ಅದರ ಮೇಲಿನ ಪ್ರೀತಿಯಿಂದಲ್ಲ ಎಂದು ಊರಿಗೆ ತಿಳಿದದ್ದು ಆ ಸಂಜೆ. ನನಗೆ ಹೊಳೆದದ್ದು ಬೇರೆ. ಪುಕ್ಕಲಿ ಎಂದು ನನಗೆ ಹೆಸರಿಟ್ಟವರು ಮಾಮನೇ. ಪುಕ್ಕಲನ್ನು ಅವರಷ್ಟು ಚೆನ್ನಾಗಿ ಗುರುತಿಸಬಲ್ಲವರು ಬೇರೆ ಯಾರಿದ್ದರು?

* * *

ಮೇಷ್ಟ್ರು ಮೂರನೆಯ ದಿನ ಕಣ್ಣು ಬಿಟ್ಟರು. ಮೊದಲು ಕೆಮ್ಮಿದರು. ಆಮೇಲೆ ನೋಟ್ ಪುಸ್ತಕ ಕೇಳಿದರು.

ಅದೇ ಸಂಜೆ ಇನ್‌ಸ್ಪೆಕ್ಟರು ನಮ್ಮ ಮನೆಗೆ ಬಂದರು. ಒಂದು ಕಾಗದದ ಲಕೋಟೆ ಮೇಜಿನ ಮೇಲಿಟ್ಟು, "ಗುರುತು ಹಿಡಿಯೋಕೆ," ಎಂದರು. ಗೋಡೆಯ ಹಿಂದೆ ಸಿಕ್ಕಿದ ಒಂದು ಬೀಗದಕೈ. ಕಟ್ಟಿದ್ದ ದಾರ ಪುಡಿಯಾಗಿತ್ತು, ಬೀಗದಕೈ ಹಾಗೇ ಇತ್ತು.

ಅಮ್ಮ ಅಳಲಿಲ್ಲ. ಎದ್ದು ಹೋಗಿ ಬಾಗಿಲ ಬಳಿಯ ಹಿತ್ತಾಳೆ ಬೀಗ ಎತ್ತಿಕೊಂಡು ಬಂದಳು. ಮಡಿಲಲ್ಲಿಟ್ಟುಕೊಂಡು, ಅಡುಗೆಮನೆಯ ಎಣ್ಣೆ ಎರಡು ಹನಿ ಬಿಟ್ಟಳು. ಕಾದಳು. ಅವಳಿಗೆ ಕಾಯುವುದು ಹೊಸದಲ್ಲ. ಆಮೇಲೆ ಬೀಗದಕೈ ತೂರಿಸಿ ತಿರುಗಿಸಿದಳು.

ಬೀಗ ತೆರೆಯಿತು.

"ಕೊಟ್ಟೇ ಹೋಗೋರು ಅಂದಿದ್ನಲ್ಲ," ಎಂದಳು ಅಮ್ಮ.

ನಾನು ಅವಳ ಮಡಿಲಲ್ಲಿ ಮುಖವಿಟ್ಟೆ. ಮೂವತ್ತೊಂದು ವರ್ಷ ನಾನು ಸಿಟ್ಟು ಮಾಡಿಕೊಂಡಿದ್ದ ಮನುಷ್ಯ, ತಿರುಗಿ ನೋಡದೆ ಹೋದವನಲ್ಲ. ನಾನು ದಿನಾ ಕೂತು ಪುಸ್ತಕ ಜೋಡಿಸುತ್ತಿದ್ದ ಕೋಣೆಯಿಂದ ಮೂವತ್ತು ಹೆಜ್ಜೆ ದೂರದಲ್ಲೇ ಇದ್ದ. ಆ ಕೋಣೆಯನ್ನು ಬಿಟ್ಟುಕೊಡಲಾರೆ ಅಂದದ್ದಕ್ಕೇ ಇದ್ದ.